ನಾಲ್ಕು ದಿನ ಬಟನ್ ಒತ್ತದ ಮಾಸ್ತರರು

ಇಷ್ಟು ತಿಳಿದವರಿರುವ ಗ್ರೂಪಿನಲ್ಲಿ ನಾನು ಕಥೆ ಹೇಳುವುದು ಅಧಿಕಪ್ರಸಂಗವೇ... ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಹಗಲು ಅಂಗಡಿ ಕೆಲಸ, ಸಂಜೆ ಕಾಲೇಜು, ಹಾಗೆ ಬಿ.ಕಾಂ. ಮುಗಿಸಿದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇದು ಗದಗಿನಲ್ಲಿ ನಡೆದದ್ದು. ರೀಲಿನ ಕ್ಯಾಮೆರಾ ಹೋಗಿ ಡಿಜಿಟಲ್ ಬರುತ್ತಿದ್ದ ಕಾಲ. ನಾನು ಒಂದು ಕ್ಯಾಮೆರಾ ಅಂಗಡಿಯ ಕೌಂಟರಿನಲ್ಲಿದ್ದೆ.

ಒಂದು ಸೋಮವಾರ ಫಕ್ಕೀರಪ್ಪ ಎಂಬ ನಿವೃತ್ತ ಡ್ರಾಯಿಂಗ್ ಮಾಸ್ತರರು ಬಂದರು. ಮೂವತ್ತು ವರ್ಷ ರೀಲಿನಲ್ಲೇ ಫೋಟೋ ತೆಗೆದವರು.

"ದೂರದ್ದು ಹತ್ರ ಕಾಣೂ ಕ್ಯಾಮೆರಾ ಬೇಕವಾ... ಜೂಮ್ ಅಂತಾರಲ್ಲ, ಅದು."

ಐದು ಕ್ಯಾಮೆರಾ ತೆಗೆದಿಟ್ಟೆ.

ಒಂದೊಂದನ್ನೂ ಕಣ್ಣಿಗೆ ಒತ್ತಿ ಹಿಡಿದು, ಬಾಗಿಲಲ್ಲಿ ನಿಂತು, ರಸ್ತೆಯಾಚೆಯ ಬ್ಯಾಂಕಿನ ಬೋರ್ಡು ನೋಡಿದರು... ಉಸಿರು ಬಿಗಿ ಹಿಡಿದರು... ಬಟನ್ ಮೇಲೆ ಬೆರಳಿಟ್ಟರು... ತೆಗೆದರು. ಒತ್ತಲೇ ಇಲ್ಲ!

"ಒತ್ರಿ ಸರ, ಒಂದು ತೆಗೆದು ನೋಡ್ರಿ."

"ಸುಮ್ನ ಒಂದು ಫೋಟೋ ಯಾಕ ಹಾಳು ಮಾಡೂದವಾ? ಬೆಳಕು ಸರಿ ಇಲ್ಲ."

"ಇದರಾಗ ನೂರಾರು ತೆಗೀಬಹುದ್ರಿ. ಬ್ಯಾಡಾದ್ರ ಅಳಸಬಹುದು!"

"ಅಳಸೂದಿದ್ರ ತೆಗೆಯೂದ್ ಯಾಕ?"

ಐದನ್ನೂ ಒರೆಸಿ ಮತ್ತೆ ಕಪಾಟಿಗೆ ಸೇರಿಸಿದೆ.

ಮಂಗಳವಾರ ಮತ್ತೆ ಬಂದರು. ಅವೇ ಐದು ಕ್ಯಾಮೆರಾ... ಅವೇ ಪ್ರಶ್ನೆ. ಹನ್ನೆರಡು ಪಟ್ಟು ಜೂಮಿನದು ಕೊಟ್ಟರೆ ಹತ್ತು ಪಟ್ಟಿನದರ ಮೇಲೆ ಮನಸ್ಸು. ಹತ್ತರದ್ದು ಕೊಟ್ಟರೆ, "ಹನ್ನೆರಡರದ್ದು ಇನ್ನೊಮ್ಮಿ ತೋರ್ಸವಾ."

ಬುಧವಾರವೂ ಅದೇ. ನಮ್ಮ ಮಾಲೀಕರು ಒಳಗಿನಿಂದಲೇ ಕೂಗಿದರು: "ಏನ್ ಕಸ್ತೂರಿ, ಮಾಸ್ತರ್ ಕ್ಯಾಮೆರಾ ನೋಡಾಕ ಬರ್ತಾರೋ, ಹೆಣ್ಣು ನೋಡಾಕ ಬರ್ತಾರೋ?"

ಎಲ್ಲರೂ ನಕ್ಕರು. ನನಗೆ ಮಾತ್ರ ತಲೆ ಸಿಡಿಯುತ್ತಿತ್ತು.

ಗುರುವಾರ ಅವರು ಅದೇ ಬೋರ್ಡಿನತ್ತ ಆರನೇ ಸಲ ಕ್ಯಾಮೆರಾ ಹಿಡಿದಾಗ ನನ್ನ ಬಾಯಿ ಜಾರಿತು.

"ಸರ, ತಗೊಳ್ಳಾಕ ಬಂದೀರೋ, ಟೈಮ್ ಪಾಸ್ ಮಾಡಾಕ ಬಂದೀರೋ?"

ಮಾಸ್ತರರು ಕ್ಯಾಮೆರಾ ಮೆಲ್ಲಗೆ ಕೆಳಗಿಟ್ಟರು. ಅದರ ಮೇಲಿದ್ದ ತಮ್ಮ ಬೆರಳಿನ ಗುರುತನ್ನು ಧೋತರದ ಚುಂಗಿನಿಂದ ಒರೆಸಿದರು.

"ತಪ್ಪಾತವಾ... ಆದ್ರ ನಾ ತಪ್ಪು ಆರಿಸಬಾರದು. ಇನ್ನೊಂದು ಚಳಿಗಾಲ ಸಿಗಂಗಿಲ್ಲ."

ಹೊರಟುಹೋದರು. ಚಳಿಗಾಲ ಪ್ರತಿ ವರ್ಷ ಬರುತ್ತದಲ್ಲ, ಇದೆಂಥ ಮಾತು ಎಂದು ಆಗಲೂ ನನಗೆ ಸಿಟ್ಟೇ ಬಂತು. ಆದರೆ ಸಂಜೆ ಕ್ಲಾಸಿನಲ್ಲಿ ಒಂದು ಅಕ್ಷರವೂ ತಲೆಗೆ ಹತ್ತಲಿಲ್ಲ...

ಶುಕ್ರವಾರ ಬಂದಾಗ ಜೊತೆಗೆ ಹೆಂಡತಿ ನೀಲವ್ವ ಇದ್ದರು. ಗಂಡನ ಮೊಣಕೈ ಹಿಡಿದು, ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಹತ್ತಿದರು.

"ಯವ್ವಾ, ಇವರು ನಿನ್ನ ಭಾಳ ಕಾಡ್ಯಾರಂತ. ಬ್ಯಾಸರ ಮಾಡ್ಕೋಬ್ಯಾಡ. ನನ್ನ ನೋಡಾಕ ಬಂದಾಗೂ ಮೂರು ಸಲ ಬಂದು ಹೋಗಿದ್ರು, ಪುಣ್ಯಾತ್ಮರು!"

ನಾನು ಕುರ್ಚಿ ಕೊಟ್ಟೆ. ಅವರೇ ಹೇಳಿದರು.

"ಚಳಿಗಾಲದಾಗ ನಮ್ಮೂರ ಕೆರೀಗೆ ಎಲ್ಲಿಂದಲೋ ಬಾತು ಬರ್ತಾವು. ಇವರು ಫೋಟೋ ತೆಗೀತಾರ, ನಾ ಪಕ್ಕಕ್ಕ ಛತ್ರಿ ಹಿಡಕೊಂಡು ನಿಲ್ತೀನಿ. ದೂರದ್ದು ನಂಗ ಮೊದಲಿಂದ ಕಾಣಂಗಿಲ್ಲ. ಫೋಟೋ ತೊಳಿಸಿ ತಂದ್ರ, ಬಾತು ನೀರಾಗ ಎಳ್ಳು ಚೆಲ್ಲಿದಂಗ ಕಾಣ್ತಾವು!"

ನಗುತ್ತಲೇ ಹೇಳಿದರು. ಮಾಸ್ತರರು ನಗಲಿಲ್ಲ.

"ಸಕ್ಕರೆ ಕಾಯಿಲೆ ಇಕಿ ಕಣ್ಣಿಗೆ ಇಳದೈತಿ. ಈ ಚಳಿಗಾಲ ದಾಟಿದ್ರ ಏನೂ ಹೇಳಾಕ ಬರಂಗಿಲ್ಲ ಅಂದಾರ ಡಾಕ್ಟರ್. ಒಮ್ಮೆರ ಬಾತಿನ ಮಾರಿ ಕಾಣಬೇಕವಾ ಇಕಿಗೆ... ತೆಗೆದು, ತೊಳಿಸಿ, ತರೂದ್ರಾಗ..."

ಹೆಂಡತಿಯ ಹೆಗಲ ಮೇಲೆ ಜಾರಿದ್ದ ಸೆರಗನ್ನು ಸರಿಮಾಡಿದರು.

ಹನ್ನೆರಡು ಪಟ್ಟಿನದನ್ನು ಮಾಸ್ತರರ ಕೈಗಿಟ್ಟೆ. ಬೋರ್ಡಿನ ಮೇಲೆ ಒಂದು ಪಾರಿವಾಳ ಕೂತಿತ್ತು. "ಈಗರ ಒತ್ರಿ ಸರ!"

ಒತ್ತಿದರು. ಒತ್ತಿದ ತಕ್ಷಣ ಕ್ಯಾಮೆರಾದ ಹಿಂಭಾಗ ಬೆಳಗಿತು; ಮುಚ್ಚಳ ತೆರೆಯಿತೆಂದುಕೊಂಡು ಅದನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಬಿಟ್ಟರು.

"ಕೈ ತೆಗೀರಿ ಸರ."

"ಬೆಳಕು ಬಿದ್ರ ರೀಲ್ ಸುಡ್ತೈತಿ!"

"ಅಯ್ಯೋ, ಇದರಾಗ ರೀಲ್ ಇಲ್ರಿ! ತೊಳಿಸೂದೂ ಇಲ್ಲ. ತೆಗೆದ ಫೋಟೋ ಈಗ, ಇಲ್ಲೇ ಕಾಣ್ತೈತಿ!"

ಮಾಸ್ತರರು ನನ್ನನ್ನೇ ನೋಡಿದರು. "ಇಲ್ಲೇ?"

ಒಂದೊಂದಾಗಿ ಅವರ ಬೆರಳು ಬಿಡಿಸಿದೆ. ಪರದೆಯ ತುಂಬ ಪಾರಿವಾಳ... ಇನ್ನಷ್ಟು ದೊಡ್ಡದು ಮಾಡಿ ನೀಲವ್ವನವರ ಕೈಗೆ ಕೊಟ್ಟೆ. ಅವರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಅಯ್ಯ... ಪಾರಿವಾಳದ ಕಾಲು ಕೆಂಪಿರ್ತಾವೇನ್ರೀ?"

"ನಿಂಗ ಗೊತ್ತಿರ್ಲಿಲ್ಲೇನ?"

"ನಂಗ ಯಾರ್ ಹೇಳಿದ್ರು?"

ಮಾಸ್ತರರು ಗಾಜಿನ ಕಪಾಟಿನ ಕಡೆ ತಿರುಗಿ ನಿಂತರು. "ಮೂವತ್ತು ವರ್ಷ... ನಾ ಒಬ್ಬನ ನೋಡೀನಲ್ಲ..."

ನನಗೂ ಅಳು ತಡೆಯಲಾಗಲಿಲ್ಲ. ಆದರೆ ನನ್ನ ಅಳು ನಾಚಿಕೆಯದು.

ನಾಲ್ಕು ದಿನ ಮೆಗಾಪಿಕ್ಸೆಲ್ ಹೇಳಿದೆ, ಬ್ಯಾಟರಿ ಹೇಳಿದೆ, ಬೈದೂ ಬೈದೆ... ತೆಗೆದದ್ದು ಆಗಲೇ ಕಾಣುತ್ತದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಯಾರಿಗಾಗಿ ಈ ಕ್ಯಾಮೆರಾ ಎಂದೂ ಕೇಳಿರಲಿಲ್ಲ.

*ಸಿಡುಕುವ ಮೊದಲು ಕಾರಣ ಕೇಳಿ. ಅವರಿಗೆ ಬೇಕಾದ ಒಂದೇ ಮಾತು ನಮ್ಮ ಬಾಯಲ್ಲೇ ಉಳಿದಿರಬಹುದು.*

ಇವತ್ತು ನೀವು ಯಾರ ಮೇಲೆ ರೇಗಿದಿರಿ... ಅವರ ಚಿಂತೆ ಏನೆಂದು ಕೇಳಿದಿರಾ?

ಆ ವರ್ಷ ಬಾತುಗಳು ಬಂದವೋ, ನೀಲವ್ವನವರು ಅವುಗಳ ಮುಖ ಕಂಡರೋ, ನನಗೆ ಗೊತ್ತಿಲ್ಲ. ಅಂದು ಆ ಹನ್ನೆರಡು ಪಟ್ಟಿನದನ್ನೇ ಕೊಂಡುಹೋದ ಮಾಸ್ತರರು ಮತ್ತೆ ಅಂಗಡಿಗೆ ಬರಲಿಲ್ಲ. ಅವರ ಊರು ಯಾವುದೆಂದೂ ನಾನು ಕೇಳಿರಲಿಲ್ಲ.