ಜೀಪಿನ ಮುಂದಿನ ಸೀಟು

ಬೆಳಿಗ್ಗೆ ಹನ್ನೊಂದು ಗಂಟೆಗೆ ಠಾಣೆಯ ಪೇದೆ ಹಳ್ಳಿಯ ಮೆಕ್ಯಾನಿಕನನ್ನು ವಾರೆಂಟ್ ಮೇಲೆ ಕೋರ್ಟಿಗೆ ಹಾಜರುಪಡಿಸಿದ. ಬೈಕ್ ಅಪಘಾತದ ಕೇಸಿನಲ್ಲಿ ಆರೋಪಿಯಾದ ಅವನು ಹೋದ ತಿಂಗಳ ವಿಚಾರಣೆಯ ವಾಯಿದೆಗೆ ಬಂದಿರಲಿಲ್ಲ. ತಕ್ಕ ಕಾರಣ ಕೊಡದಿದ್ದರೆ ಇಂದೇ ಜೈಲು.

"ಅವತ್ತು ಎಲ್ಲಿದ್ರಿ?" ನ್ಯಾಯಾಧೀಶರು ಕೇಳಿದರು.

"ಇಲ್ಲಿಗೇ ಹೊರಟಿದ್ದೆ ಸ್ವಾಮಿ. ದಾರೀಲಿ ಠಾಣೆ ಜೀಪು ಕೆಟ್ಟು ನಿಂತಿತ್ತು. ಸಂಜೆವರೆಗೂ ಅದರ ಕೆಳಗೇ ಮಲಗಿದ್ದೆ."

"ನೋಡಿದವರು ಯಾರಾದ್ರೂ ಇದ್ದಾರಾ?"

ಮೆಕ್ಯಾನಿಕನ ಹಿಂದೆ ನಿಂತಿದ್ದ ಪೇದೆ ಗಂಟಲು ಸರಿಮಾಡಿಕೊಂಡ.

"ನಾನೇ ಸ್ವಾಮಿ. ಪಕ್ಕದಲ್ಲಿ ಕೂತು ಸ್ಪ್ಯಾನರ್ ಕೊಡ್ತಿದ್ದೆ. 'ನೀನು ರಿಪೇರಿ ಮಾಡಣ್ಣ, ಕೋರ್ಟಿಗೆ ನಾನು ಹೇಳ್ತೀನಿ' ಅಂದಿದ್ದೆ. ಹೇಳೋದು ಮರೆತೆ."

ನ್ಯಾಯಾಧೀಶರು ವಾರೆಂಟ್ ರದ್ದುಮಾಡಿ ಬೇರೆ ವಾಯಿದೆ ಕೊಟ್ಟರು. ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಬಂದಿದ್ದ ಮೆಕ್ಯಾನಿಕ್ ಅದೇ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ಊರಿಗೆ ಮರಳಿದ.