ಲೋಟದಲ್ಲಿ ಹಲ್ಲುಸೆಟ್ಟು

ಕೋಚ್ ಆಗಿ ಮೊದಲ ಪಂದ್ಯದ ಮೊದಲ ಮಾತಿಗೆ ತಾರ್ಮೊ ಬಾಯಿ ತೆರೆದಾಗ ಮಾತಿನ ಜೊತೆ ಸಿಳ್ಳೆಯೂ ಹೊರಬಂತು. ನಾಲಿಗೆಯಿಂದ ತಡವಿ ನೋಡಿಕೊಂಡ. ಮುಂದಿನ ಹಲ್ಲುಸೆಟ್ಟು ಇರಲಿಲ್ಲ. ಐಸ್ ಹಾಕಿಯಲ್ಲಿ ಹದಿನೆಂಟು ವರ್ಷ ಡಿಫೆಂಡರ್ ಆಗಿ ಏಟು ತಿಂದು ಹಲ್ಲು ಕಳೆದುಕೊಂಡವನ ಕೈ, ಆಟಗಾರರು ಆಡಲು ಇಳಿಯುವ ಮುಂಚೆ ಮಾಡುವ ಹಳೇ ರೂಢಿಯಂತೆ, ಅದನ್ನು ಬಿಚ್ಚಿ ಕಾಫಿ ಕುಡಿದ ಕಾಗದದ ಲೋಟಕ್ಕೆ ಹಾಕಿಬಿಟ್ಟಿತ್ತು. ಮೈಮೇಲೆ ಮಾತ್ರ ಇಸ್ತ್ರಿ ಮಾಡಿದ ಸೂಟು.

"ಕೋಚ್ ಸಾಹೇಬ್ರು ಇವತ್ತೂ ಆಡ್ತಾರೇನ್ರೋ?" ಎಂದ ಗೋಲ್‌ಕೀಪರ್ ವೆಸಾ. ಡ್ರೆಸ್ಸಿಂಗ್ ರೂಮು ಗೊಳ್ಳೆಂದಿತು. ಹೋದ ವರ್ಷ ಇದೇ ಬೆಂಚಿನಲ್ಲಿ ಜೊತೆಗೆ ಕೂತಿದ್ದವನ ಮಾತನ್ನು ಇವರು ಇನ್ನು ಕೇಳುತ್ತಾರೆಯೇ?

ನಗದೆ ಕೂತಿದ್ದವನು ಕ್ಯಾಪ್ಟನ್ ಇಲ್ಪೊ ಒಬ್ಬನೇ. ಒಂಬತ್ತು ವರ್ಷ ತಾರ್ಮೊನ ಪಕ್ಕದಲ್ಲೇ ಡಿಫೆಂಡರ್ ಆಗಿ ಆಡಿದವನು, ತಾರ್ಮೊ ಕೋಚ್ ಆದ ದಿನದಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಈಗ ಎದ್ದು ನೇರ ಬಂದ. ಲೋಟ ಎತ್ತಿಕೊಂಡ. ಏನು ಮಾಡುತ್ತಾನೋ ಎಂದು ತಾರ್ಮೊ ನೋಡಿದ.

ಇಲ್ಪೊ ಲೋಟದೊಳಗೆ ಇಣುಕಿದ. ಆಮೇಲೆ ತನ್ನ ಹಲ್ಲುಸೆಟ್ಟನ್ನೂ ಬಿಚ್ಚಿ ಅದರೊಳಗೇ ಹಾಕಿ, ವೆಸಾನ ಕಡೆ ತಿರುಗಿದ.

"ಸುಮ್ನಿರ್ರೋ. ಕೋಚ್ ಏನೋ ಹೇಳ್ತಿದಾರೆ," ಎಂದ. ಅವನ ಮಾತಿನಲ್ಲೂ ಸಿಳ್ಳೆಯಿತ್ತು. ಈ ಸಲ ಯಾರೂ ನಗಲಿಲ್ಲ.