ಎಡಕ್ಕೆ ವಾಲಿದ ಗಂಟು

ಗೋಂದಣ್ಣ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ಬೆನ್ನನ್ನು ಉಗುರಿನಿಂದ ಕೆರೆದು ನೋಡಿದ. ಹೆಂಡತಿ ಬಚ್ಚಲಲ್ಲಿದ್ದಳು. ನೀರಿನ ಸದ್ದು ನಿಲ್ಲುವುದರೊಳಗೆ ಪುಸ್ತಕ ಮತ್ತೆ ಅವಳ ದಿಂಬಿನ ಕೆಳಗೆ ಸೇರಬೇಕಿತ್ತು.

'ಮಲ್ಲಿಗೆ ಮತ್ತು ಮ್ಯಾಜಿಸ್ಟ್ರೇಟ್'. ಹೋದ ತಿಂಗಳು 'ಸೂರ್ಯಕಾಂತಿಯ ಸಾಕ್ಷಿ'. ಅದಕ್ಕೂ ಮೊದಲು 'ಮೂರು ಗುಲಾಬಿ, ಒಂದು ಸುಳ್ಳು'. ಯಾವನೋ ಒಬ್ಬ ಅವಳಿಗೆ ಹೂವು ಕೊಡುತ್ತಿದ್ದಾನೆ. ಬಾಡದ ಹಾಗೆ, ಗಂಡನಿಗೆ ವಾಸನೆ ಹತ್ತದ ಹಾಗೆ, ಪುಸ್ತಕ ಮಾಡಿ ಕೊಡುತ್ತಿದ್ದಾನೆ. ಇಷ್ಟು ತಿಳಿಯಲು ಹೆಚ್ಚು ಓದಿರಬೇಕಾಗಿಲ್ಲ. ಗೋಂದಣ್ಣ ಓದಿದವನೂ ಅಲ್ಲ. ಬೀದಿಯ ತುದಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದ ಅವನಿಗೆ ಪುಸ್ತಕಗಳ ಬೆನ್ನು ಗೊತ್ತೇ ಹೊರತು ಹೊಟ್ಟೆ ಗೊತ್ತಿಲ್ಲ. ಎಷ್ಟು ತೊಳೆದರೂ ಕೈಯಿಂದ ಗೋಂದಿನ ವಾಸನೆ ಹೋಗದ್ದಕ್ಕೆ ಬೀದಿಯವರು ಇಟ್ಟ ಹೆಸರೇ ಅವನಿಗೆ ಅಂಟಿಕೊಂಡಿತ್ತು.

ಅವನ ಹೊಟ್ಟೆ ಉರಿಸಿದ್ದು ಈ ಪುಸ್ತಕದ ಬೆನ್ನು. ರಟ್ಟಿನ ಮೂಲೆ ಚೂರೂ ಉಬ್ಬಿರಲಿಲ್ಲ. ಬಟ್ಟೆ ಸುಕ್ಕಿಲ್ಲದೆ ಕೂತಿತ್ತು. ಬೆನ್ನಿನ ತುದಿಗೆ ಮಲ್ಲಿಗೆ ಬಿಳುಪಿನ ರೇಷ್ಮೆ ನೂಲಿನ ಸಣ್ಣ ಪಟ್ಟಿ. ಗುಲಾಬಿಯ ಪುಸ್ತಕಕ್ಕೆ ಗುಲಾಬಿ ಬಣ್ಣದ್ದಿತ್ತು, ಸೂರ್ಯಕಾಂತಿಗೆ ಹಳದಿ. ಇಷ್ಟು ಅಕ್ಕರೆಯಿಂದ ಗೋಂದಣ್ಣ ಯಾರ ಪುಸ್ತಕವನ್ನೂ ಕಟ್ಟಿಕೊಟ್ಟಿರಲಿಲ್ಲ. ಪರರ ಹೆಂಡತಿಯ ಮೇಲೆ ಕಣ್ಣು ಹಾಕಿದ್ದಲ್ಲದೆ ತನಗಿಂತ ಚೆನ್ನಾಗಿ ಹೊಲಿಯುವುದು ಬೇರೆ. ಗಾಯದ ಮೇಲೆ ಬರೆ ಎಳೆದ ಹಾಗಾಗಿತ್ತು.

ಪುಟಗಳ ನಡುವಿನ ದಾರ ನೋಡಿದ. ಗಂಟುಗಳೆಲ್ಲ ಎಡಕ್ಕೆ ವಾಲಿದ್ದವು. ಬಲಗೈಯವರು ಹೊಲಿದರೆ ಬಲಕ್ಕೆ ವಾಲುತ್ತವೆ. ದಾರ ನೋಡಿ ಹೊಲಿದವನ ಕೈ ಹೇಳುತ್ತೇನೆ ಎಂಬುದು ಅವನ ಹೆಮ್ಮೆ. ಹಾಗಾದರೆ ಕಳ್ಳ ಎಡಚ. ಗುರುತಿನ ಬೈಂಡರುಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದ. ಎಡಚ ಒಬ್ಬನೂ ಸಿಗಲಿಲ್ಲ.

ನೀರಿನ ಸದ್ದು ನಿಂತಿತು.

ಊಟದ ಹೊತ್ತಿಗೂ ಅವಳು ಬಲಗೈಯಲ್ಲಿ ಪುಸ್ತಕ ಹಿಡಿದೇ, ಕಣ್ಣೆತ್ತದೆ, ಇನ್ನೊಂದು ಕೈಯಲ್ಲಿ ಬಡಿಸಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. ತನ್ನ ಮುಖ ನೋಡಲೂ ಇವಳಿಗೆ ಪುರುಸೊತ್ತಿಲ್ಲವಲ್ಲ ಎಂದು ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಯಾರು ಕೊಟ್ಟಿದ್ದು ಅದು?”

“ಕೊಟ್ಟವರಿಗೆ ಈಗ ನೆನಪಿರಲಿಕ್ಕಿಲ್ಲ ಬಿಡಿ.” ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟವಳು ಮತ್ತೆ ಎತ್ತಿಕೊಂಡಳು. “ರೀ, ಇದರ ಮೇಲಾದ್ರೂ ಲೋಟ ಇಡಬೇಡಿ.”

“ಬೈಂಡಿಂಗ್ ಪರವಾಗಿಲ್ಲ.”

ಅವಳು ತಲೆ ಎತ್ತಿದಳು. ಮುಖ ಕೆಂಪಾಗಿತ್ತು. “ಪರವಾಗಿಲ್ಲ, ಅಷ್ಟೇನಾ?”

ಆ ಎಡಚನ ಕೆಲಸ ಹೊಗಳಿದರೆ ಇವಳೇಕೆ ಕೆಂಪಾಗಬೇಕು? ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿ ಇವಳವೂ ಹರಿದ ಪುಸ್ತಕಗಳಿದ್ದವು. ಕಟ್ಟಿಕೊಡಿ ಎಂದು ವರ್ಷಗಟ್ಟಲೆ ಕೇಳಿದ್ದಳು. 'ಗಿರಾಕಿಗಳದ್ದು ಮುಗೀಲಿ' ಎನ್ನುತ್ತಲೇ ಕಾಲ ತಳ್ಳಿದ್ದ. ಆಗೆಲ್ಲ ಮಧ್ಯಾಹ್ನದ ಬುತ್ತಿ ತಂದು, ಅಂಗಡಿಯಲ್ಲೇ ಕೂತು, ಅವನ ಕೈಯನ್ನೇ ನೋಡುತ್ತಿದ್ದವಳು ಈಗ ಗುರುವಾರ ಬಂತೆಂದರೆ ಲೈಬ್ರರಿಗೆ ಓಡುತ್ತಾಳೆ. ಆ ಲೈಬ್ರರಿಯೂ ಈಚೆಗೆ ತನ್ನ ಹರಿದ ಪುಸ್ತಕಗಳನ್ನು ಅವನಿಗೆ ಕಳಿಸುವುದನ್ನು ನಿಲ್ಲಿಸಿತ್ತು. ಹೆಂಡತಿ, ಕೆಲಸ ಎರಡೂ ಒಂದೇ ಬಾಗಿಲಿನಿಂದ ಕೈಬಿಟ್ಟು ಹೋಗುತ್ತಿದ್ದವು.

ಗುರುವಾರ ಅವನು ಬೇಗ ಅಂಗಡಿ ಮುಚ್ಚಿದ. ರಟ್ಟು ಕೊಯ್ಯುವ ಚಾಕುವನ್ನು ಜೇಬಿಗೆ ಹಾಕಿಕೊಂಡ. ಯಾರನ್ನೂ ಇರಿಯುವ ಗಂಡೆದೆ ಅವನದಲ್ಲ. ಆ ಎಡಚನ ಎದುರೇ ಅವನ ಹೊಲಿಗೆಯನ್ನು ಸರ್ರನೆ ಕೊಯ್ದು, 'ನಾನೋ, ಇವನೋ' ಎಂದು ಹೆಂಡತಿಯನ್ನು ಕೇಳಬೇಕೆಂದಿದ್ದ. ಅವಳು 'ಇವನೇ' ಅಂದುಬಿಟ್ಟರೆ? ಅದರ ಮುಂದೆ ಯೋಚನೆ ಓಡಲಿಲ್ಲ. ಅವಳಿಲ್ಲದ ಮನೆಯಲ್ಲಿ ಬೆಂಕಿಪೊಟ್ಟಣ ಎಲ್ಲಿರುತ್ತದೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಲೈಬ್ರರಿಯ ಮೀಸೆಯವನು ಬಲಗೈಯಲ್ಲಿ ಮುದ್ರೆ ಒತ್ತುತ್ತಿದ್ದ. ಇವನಲ್ಲ.

“ಇಲ್ಲಿ ಪುಸ್ತಕ ಹೊಲಿಯೋ ಎಡಚ ಯಾರು?”

ಮೀಸೆಯವನು ಮುಸಿಮುಸಿ ನಕ್ಕ. “ಗೊತ್ತಾಗಿಹೋಯ್ತಾ? ನಿಮಗೆ ಹೇಳಬೇಡಿ ಅಂದಿದ್ರು. ಹಿಂದಿನ ಕೋಣೇಲಿದ್ದಾರೆ, ಹೋಗಿ. ನಮ್ಮ ಹರಿದ ಪುಸ್ತಕ ಹೊಲ್ಕೊಡ್ತಾರೆ, ತಮ್ಮದನ್ನೂ ಇಲ್ಲೇ ಕಟ್ಕೋತಾರೆ. ಹೊಟ್ಟೆಕಿಚ್ಚು ಪಡಬೇಡಿ ಗೋಂದಣ್ಣ, ನಿಮ್ಮ ಕೈ ನೋಡೇ ಕಲಿತದ್ದಂತೆ.”

ತನ್ನ ಕೈ ನೋಡಿ ಕಲಿತು, ತನ್ನ ಮನೆಗೇ ಕನ್ನ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಜೇಬಿನೊಳಗೆ ಚಾಕುವಿನ ಹಿಡಿ ಹಿಡಿದ. ಗೋಂದಣ್ಣ ಕೋಣೆಯ ಬಾಗಿಲು ತಳ್ಳಿದ.

ಹೆಂಡತಿ ಒಬ್ಬಳೇ ಇದ್ದಳು. ಕಿಟಕಿಯ ಕಡೆ ತಿರುಗಿ, ತೊಡೆಯ ಮೇಲೆ ಪುಟಗಳ ಕಟ್ಟು ಇಟ್ಟುಕೊಂಡು ಹೊಲಿಯುತ್ತಿದ್ದಳು. ಇಷ್ಟು ವರ್ಷ ಅವನಿಗೆ ಬಡಿಸಿದ ಆ ಎಡಗೈ ದಾರ ಎಳೆದು, ಗಂಟು ಬಿಗಿದು, ಮತ್ತೆ ಸೂಜಿ ಚುಚ್ಚಿತು. ಅವನ ಕೈ ಜೇಬಿನಲ್ಲೇ ಉಳಿಯಿತು.

ಹೊಲಿಯುವವಳು ಇವಳೇ ಆದರೆ, ಕೊಟ್ಟವನು? ಮೇಜಿನ ಮೇಲೆ ಸರದಿ ಕಾಯುತ್ತ 'ದಾಸವಾಳದ ಬಾಗಿಲು' ಬಿದ್ದಿತ್ತು. ಅದಿನ್ನೂ ತನ್ನ ಹಳೆಯ, ಹರಿದ ಹೊದಿಕೆಯಲ್ಲೇ ಇತ್ತು. ಹೊದಿಕೆಯ ನಡುವೆ ಚಹಾ ಲೋಟ ಇಟ್ಟ ದುಂಡನೆಯ ಕಲೆ. ಆ ಕಲೆ ಅವನಿಗೆ ಗುರುತು ಸಿಕ್ಕಿತು: ಲೋಟ ಅವನದೇ, ಪುಸ್ತಕ ಬೀರುವಿನ ಮೇಲಿನ ಪೆಟ್ಟಿಗೆಯದು.

ಮದುವೆಯ ಮೊದಲ ವರ್ಷ, ಹೂವು ತಂದರೆ ಸಂಜೆಗೆ ಬಾಡುತ್ತದೆಂದು, ಹೆಸರಿನಲ್ಲಿ ಹೂವಿರುವ ಹಳೆ ಪುಸ್ತಕಗಳನ್ನು ಹುಡುಕಿ ಹುಡುಕಿ ಅವಳಿಗೆ ತಂದುಕೊಡುತ್ತಿದ್ದ ಪೆದ್ದನೊಬ್ಬನಿದ್ದ; ಅವನ ಕೈ ಆಗಲೂ ಗೋಂದಿನ ವಾಸನೆ ಹೊಡೆಯುತ್ತಿತ್ತು.